ಬೆರಿಯಾ ಕಾಲೇಜೂ 1904ರ ಶಾಸನವೂ

ಪಾದ್ರಿ ಜಾನ್ ಫೀ 1855ರಲ್ಲಿ ಅಮೆರಿಕದ ಕೆಂಟಕಿ ಸಂಸ್ಥಾನದಲ್ಲಿ ಸ್ಥಾಪಿಸಿದ ಬೆರಿಯಾ ವಿದ್ಯಾಲಯವು, ಮಾನವರೆಲ್ಲರೂ ಏಕರಕ್ತದವರೆಂಬ ಕ್ರೈಸ್ತ ತತ್ತ್ವಕ್ಕನುಗುಣವಾಗಿ 1866ರಿಂದ ಕೃಷ್ಣವರ್ಣೀಯರಿಗೂ ಬಿಳಿಯರಿಗೂ ಒಂದೇ ತರಗತಿಯಲ್ಲಿ ಪಾಠ ಹೇಳುತ್ತಿತ್ತು. ಕೆಂಟಕಿಯ ಶಾಸನಸಭೆ 1904ರಲ್ಲಿ ಇದನ್ನು ನಿಷೇಧಿಸಿತು. ಕಾಲೇಜು ಸುಪ್ರೀಂ ಕೋರ್ಟಿನವರೆಗೂ ಹೋಗಿ 1908ರಲ್ಲಿ ಸೋತಿತು. ತೀರ್ಪಿನ ತರ್ಕ ಗಮನಾರ್ಹವಾದುದು: ಸಂಸ್ಥೆಗೆ ಸನ್ನದು ಕೊಟ್ಟ ಸರ್ಕಾರವು ಅದನ್ನು ತಿದ್ದಲೂಬಹುದಂತೆ! ವರ್ಣಭೇದವು ನ್ಯಾಯವೇ ಎಂಬ ಮೂಲಪ್ರಶ್ನೆಯಿಂದ ನ್ಯಾಯಾಲಯವು ನುಣುಚಿಕೊಂಡಿತೆಂದೇ ನಾವು ಭಾವಿಸುತ್ತೇವೆ. ಅದನ್ನು ನೇರವಾಗಿ ಎದುರಿಸಿದುದು ನ್ಯಾಯಮೂರ್ತಿ ಹಾರ್ಲನರ ಭಿನ್ನಮತ.

ಬೆರಿಯಾದಲ್ಲಿ 1892ರಿಂದ ವಿದ್ಯಾರ್ಥಿಗಳು ಬೋಧನಾಶುಲ್ಕ ತೆರಬೇಕಾಗಿಲ್ಲ. ವ್ಯಾಸಂಗದೊಡನೆ ಪ್ರತಿಯೊಬ್ಬರೂ ವಾರಕ್ಕೆ 10 ಗಂಟೆಗಳಾದರೂ ಕಾಲೇಜಿನ ಯಾವುದಾದರೊಂದು ಕೆಲಸದಲ್ಲಿ ದುಡಿಯಬೇಕು. ಕಾಯಕದಲ್ಲಿ ಮೇಲುಕೀಳಿಲ್ಲವೆಂದು ಕಲಿಸುವ ಈ ಶಿಕ್ಷಣವೂ, ಶಾಸನಕ್ಕೆ ತಿದ್ದುಪಡಿಯಾದ 1950ರವರೆಗೆ, ಕೃಷ್ಣವರ್ಣೀಯರಿಗೆ ಅಲ್ಲಿ ದೊರೆಯಲಿಲ್ಲ.