ಮನೆಯ ಗಾದೆ, ಮಕ್ಕಳ ಸಾಲ: ರಾಯದುರ್ಗ–ಮಡಕಶಿರ ಕಡೆಯ ಒಂದು ಅನುಭವ

ಗಾದೆಗಳ ಕುರಿತ ಈ ಗೋಷ್ಠಿಗೆ ನಾನು ಆರಿಸಿಕೊಂಡಿರುವುದು ಒಂದೇ ಪ್ರಶ್ನೆ. ಸಾಲದ ಬಗ್ಗೆ ಅಪ್ಪ ಅಮ್ಮ ಹೇಳಿದ ಬುದ್ಧಿಮಾತು, ಮಕ್ಕಳು ದೊಡ್ಡವರಾದ ಮೇಲೆ ಅವರನ್ನು ಕಾಯುತ್ತದೆಯೇ?

ನಮ್ಮೂರು ಮಡಕಶಿರದ ಹತ್ತಿರ, ಅಮ್ಮನ ತವರು ರಾಯದುರ್ಗ. ಎರಡೂ ಆಂಧ್ರದಲ್ಲಿದ್ದರೂ ಮನೆಯಲ್ಲಿ ಕನ್ನಡ ಆಡುವವರು ಎರಡು ಕಡೆಯೂ ಇದ್ದೇವೆ. ರಾಯದುರ್ಗವಂತೂ 1953ರವರೆಗೆ ಬಳ್ಳಾರಿ ಜಿಲ್ಲೆಯ ತಾಲ್ಲೂಕಾಗಿತ್ತು. 2022ರಲ್ಲಿ ಮಡಕಶಿರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ನಮ್ಮ ಬಾಯಲ್ಲಿ ಮಾತ್ರ ಇನ್ನೂ ಅನಂತಪುರವೇ. ಮಳೆ ನಂಬಿ ಕಡಲೆಕಾಯಿ ಬಿತ್ತುವ ಸೀಮೆ ಇದು.

ಹಾಗಾಗಿ ಸಾಲದ ಮಾತು ಎರಡು ಭಾಷೆಯಲ್ಲಿ ಕಿವಿಗೆ ಬೀಳುತ್ತಿತ್ತು. ಅಪ್ಪ "ಸಾಲ ಅಂದ್ರೆ ಶೂಲ ಕಣಪ್ಪ" ಅನ್ನೋರು. ಅಮ್ಮ "ಹಾಸಿಗೆ ಇದ್ದಷ್ಟು ಕಾಲು ಚಾಚು" ಅನ್ನೋಳು. ಅಜ್ಜಿಯದು "ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ". ತೆಲುಗಿನಲ್ಲಿ ಸಾಲಕ್ಕೆ ‘ಅಪ್ಪು’ ಅಂತಾರೆ. ಯಾರಾದರೂ ಸಾಲ ಮಾಡಿ ಮೆರೆದರೆ ಪಕ್ಕದ ಮನೆಯವರು "ಅಪ್ಪು ಚೇಸಿ ಪಪ್ಪು ಕೂಡು", ಅಂದರೆ ಸಾಲ ಮಾಡಿ ಬೇಳೆ ಅನ್ನ, ಎಂದು ಹಂಗಿಸೋರು. 1959ರಲ್ಲಿ ಇದೇ ಹೆಸರಿನ ತೆಲುಗು ಸಿನಿಮಾ ಕೂಡ ಬಂತು.

ಈ ಮಾತುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಒಂದು ಅಳತೆ ಹೇಳುತ್ತದೆ, ಒಂದು ಹೆದರಿಸುತ್ತದೆ, ಒಂದು ಅನುಮಾನ ಕಲಿಸುತ್ತದೆ, ಇನ್ನೊಂದು ನಾಚಿಕೆಪಡಿಸುತ್ತದೆ. ಬಡ್ಡಿ ಲೆಕ್ಕ ಹಾಕೋದು ಹೇಗೆ, ಸಿಕ್ಕಿಹಾಕಿಕೊಂಡರೆ ಯಾರ ಹತ್ತಿರ ಹೋಗಬೇಕು ಅನ್ನೋದನ್ನ ಯಾವುದೂ ಹೇಳಲ್ಲ. ಜೊತೆಗೆ, ಶೂಲ ಅಂದ ಅಪ್ಪನೇ ಮುಂಗಾರಿಗೆ ಮುಂಚೆ ಬಿತ್ತನೆ ಬೀಜಕ್ಕೆ ಸಾಲ ತರೋರು. ಅದನ್ನ ನಮ್ಮೆದುರು ಆಡುತ್ತಿರಲಿಲ್ಲ. ನಾವು ಕಲಿತದ್ದು ಬಾಯಿಮಾತಿಗಿಂತ ಈ ನಡವಳಿಕೆಯನ್ನು. ಸಾಲ ಮಾಡಬಹುದು, ಹೇಳಬಾರದು ಅಂತ.

ನನ್ನ ಅಣ್ಣ ರಾಯದುರ್ಗದಲ್ಲಿ ಜೀನ್ಸ್ ಹೊಲಿಯುತ್ತಾನೆ. ಕೆಲಸ ನಿಂತ ಒಂದು ತಿಂಗಳು ಫೋನಿನ ಒಂದು ಆ್ಯಪಿನಲ್ಲಿ 5,000 ರೂಪಾಯಿ ಸಾಲ ಕೇಳಿದ. ಶುಲ್ಕ ಮುರಿದುಕೊಂಡು ಕೈಗೆ ಬಂದದ್ದು 3,800. ಹದಿನೈದು ದಿನಕ್ಕೆ ಪೂರ್ತಿ 5,000 ಕಟ್ಟಬೇಕು. ಅದನ್ನು ತೀರಿಸಲು ಇನ್ನೊಂದು ಆ್ಯಪು, ಆಮೇಲೆ ಮತ್ತೊಂದು.

ಇಲ್ಲಿ ಸ್ವಲ್ಪ ಲೆಕ್ಕ ನೋಡೋಣ. ನಮ್ಮ ಕಡೆ ‘ಎರಡು ರೂಪಾಯಿ ಬಡ್ಡಿ’ ಅಂದರೆ ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ, ವರ್ಷಕ್ಕೆ ಶೇ. 24. ಊರಿನ ಸಾಹುಕಾರರ ಹತ್ತಿರ ಈ ದರಕ್ಕೆ ಅದೇ 3,800 ತಂದಿದ್ದರೆ ಹದಿನೈದು ದಿನಕ್ಕೆ ಬಡ್ಡಿ 38 ರೂಪಾಯಿ. ಆ್ಯಪಿಗೆ ಹೋದದ್ದು 1,200. ಅಣ್ಣನಿಗೆ ಲೆಕ್ಕ ಬರಲ್ಲ ಅಂತಲ್ಲ. ಸಾಹುಕಾರರ ಹತ್ತಿರ ಹೋದರೆ ಸಂಜೆಯೊಳಗೆ ಅಪ್ಪನ ಕಿವಿಗೆ ಬೀಳುತ್ತೆ, ಆ್ಯಪಾದರೆ ಯಾರಿಗೂ ಗೊತ್ತಾಗಲ್ಲ. ಗುಟ್ಟು ಉಳಿಸಿಕೊಳ್ಳಲು ಅವನು ಕೊಟ್ಟ ಬೆಲೆ ಅದು.

ಕೊನೆಗೆ ವಸೂಲಿಯವರು ಅಪ್ಪನ ನಂಬರಿಗೇ ಫೋನ್ ಮಾಡಿದರು. "ಮೊದ್ಲೇ ಯಾಕೋ ಹೇಳ್ಲಿಲ್ಲ?" ಅಂದರು ಅಪ್ಪ. "ಸಾಲ ಮಾಡ್ದೋನು ಈ ಮನೆಗೆ ಕಾಲಿಡಬ್ಯಾಡ ಅಂದಿದ್ದು ನೀನೇ ಅಲ್ವೇನಪ್ಪ?" ಅಂದ ಅಣ್ಣ. ಅಪ್ಪ ಮಾತಾಡಲಿಲ್ಲ.

ಕಾನೂನುಗಳು ಬಂದಿವೆ. ಕಿರುಸಾಲ ಕಂಪನಿಗಳ ವಸೂಲಿ ಕಿರುಕುಳದ ದೂರುಗಳು ಹೆಚ್ಚಾದಾಗ ಆಂಧ್ರ ಸರ್ಕಾರ 2010ರಲ್ಲಿ ಸುಗ್ರೀವಾಜ್ಞೆ ತಂದಿತು, ಕರ್ನಾಟಕ 2025ರಲ್ಲಿ. ಡಿಜಿಟಲ್ ಸಾಲ ಕೊಡುವವರು ಶುಲ್ಕವೆಲ್ಲ ಸೇರಿದ ವಾರ್ಷಿಕ ದರವನ್ನು ಮೊದಲೇ ತಿಳಿಸಬೇಕೆಂದು ರಿಸರ್ವ್ ಬ್ಯಾಂಕ್ 2022ರಲ್ಲಿ ಹೇಳಿದೆ. ಆದರೆ ಸಾಲವನ್ನು ಮನೆಯಲ್ಲೇ ಮುಚ್ಚಿಟ್ಟವನು ದೂರು ಕೊಡಲು ಹೊರಗೆ ಹೋಗುವುದು ಕಷ್ಟ.

ಗಾದೆ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಅಪ್ಪನ ಹೆದರಿಕೆ ಅವರು ಕಂಡ ಬರಗಾಲಗಳಿಂದ ಬಂದದ್ದು. ಆದರೆ "ಸಾಲ ಮಾಡಬೇಡ" ಅನ್ನುವುದರ ಜೊತೆಗೆ "ಮಾಡಿದರೆ ನನಗೆ ಹೇಳು" ಅನ್ನುವ ಮಾತೂ ಇರಬೇಕಿತ್ತು. ಈಗ ಅಪ್ಪ, ಅಣ್ಣ ಇಬ್ಬರ ಸಾಲವನ್ನೂ ಒಂದೇ ನೋಟ್‌ಬುಕ್ಕಿನಲ್ಲಿ ಬರೀತೀವಿ. ಅಣ್ಣನದು ಇನ್ನೂ ಏಳು ಕಂತು ಬಾಕಿ ಇದೆ.