ಮೊಟ್ಟೆಯೂ ಬೆಳಕೂ

ತನ್ನ ಹುಂಜ ಕೂಗುವುದರಿಂದಲೇ ಊರಿಗೆ ಬೆಳಗಾಗುವುದೆಂದು ಬೀಗಿದ ಮುದುಕಿಯ ಕಥೆಯನ್ನು ಕೇಳಿ ನಾವೆಲ್ಲರೂ ನಕ್ಕವರೇ. ಹುಂಜವು ಸೂರ್ಯನನ್ನು ಕರೆತರಲಾರದು, ನಿಜ. ಸೂರ್ಯನಾದರೋ ಹೇಂಟೆಯಿಂದ ಮೊಟ್ಟೆಯಿಡಿಸಬಲ್ಲನು. ಚಳಿಗಾಲದಲ್ಲಿ ಮನೆಯ ಕೋಳಿಗಳು ಮೊಟ್ಟೆ ಕಡಮೆ ಮಾಡಿದಾಗ ನಾವು ಚಳಿಯನ್ನು ದೂರುತ್ತೇವೆ. ಮುಖ್ಯ ಕಾರಣವು ಚಳಿಯಲ್ಲ, ಕುಗ್ಗಿದ ಹಗಲು.

ಬೆಳಕು ಕೋಳಿಯ ಕಣ್ಣನ್ನು ಮಾತ್ರವೇ ತಾಕುವುದೆಂದು ತಿಳಿಯಲಾಗದು. ತಲೆಬುರುಡೆಯನ್ನು ಹಾಯ್ದು ಅದು ಮಿದುಳಿನ ಒಳಭಾಗದಲ್ಲಿರುವ ಗ್ರಾಹಕಗಳನ್ನು ಮುಟ್ಟುತ್ತದೆ. ಫ್ರಾನ್ಸಿನ ವಿಜ್ಞಾನಿ ಝಾಕ್ ಬೆನ್ವಾ 1930ರ ದಶಕದಲ್ಲಿ ನಡೆಸಿದ ಪ್ರಯೋಗಗಳಿಂದ, ಕಣ್ಣಿಲ್ಲದ ಬಾತುಗಳು ಸಹ ಬೆಳಕಿಗೆ ಸ್ಪಂದಿಸಿ ಪ್ರೌಢಾವಸ್ಥೆಗೆ ಬರುವುವೆಂದು ತಿಳಿದುಬಂದಿತು. ಮಿದುಳು ಪಿಟ್ಯುಟರಿ ಗ್ರಂಥಿಗೆ ಅಪ್ಪಣೆ ಕೊಡುತ್ತದೆ. ಆ ಗ್ರಂಥಿಯ ಹಾರ್ಮೋನುಗಳು ಅಂಡಾಶಯವನ್ನು ಎಚ್ಚರಿಸುತ್ತವೆ. ಕೆಂಪು ಕಿರಣಗಳು ಚರ್ಮ, ಮೂಳೆಗಳನ್ನು ಸುಲಭವಾಗಿ ಹಾಯುವುದರಿಂದ, ಗೂಡಿಗೆ ನೀಲಿ ಛಾಯೆಯ ದೀಪಕ್ಕಿಂತ ಬೆಚ್ಚನೆಯ ಬಣ್ಣದ ದೀಪವೇ ಮೇಲು.

ಇನ್ನು ಲೆಕ್ಕ. ನಮ್ಮ ಮುಂಬಯಿಯಲ್ಲಿ ಜೂನ್ ತಿಂಗಳ ಅತಿ ದೀರ್ಘವಾದ ಹಗಲು 13 ಗಂಟೆಗಿಂತ ತುಸು ಹೆಚ್ಚು. ಡಿಸೆಂಬರಿನಲ್ಲಿ ಅದು ಸುಮಾರು 11 ಗಂಟೆಗೆ ಇಳಿಯುತ್ತದೆ. ಮೊಟ್ಟೆಯಿಡುವ ಕೋಳಿಗೆ ಬೇಕಾದುದು 14ರಿಂದ 16 ಗಂಟೆಗಳ ಬೆಳಕು. ಬೆಳಗಿನ ಜಾವ 4 ಗಂಟೆಗೆ ದೀಪ ಹಚ್ಚಿದರೆ, ಸಂಜೆ 6ರ ಸುಮಾರಿಗೆ ಸೂರ್ಯ ಮುಳುಗುವಾಗ 14 ಗಂಟೆ ತುಂಬುತ್ತದೆ. ಸಂಜೆಯ ದೀಪಕ್ಕೊಂದು ತೊಡಕುಂಟು: ಅದು ಥಟ್ಟನೆ ಆರಿದರೆ, ಅಡ್ಡಕೋಲನ್ನು ಇನ್ನೂ ಏರದ ಹಕ್ಕಿಗಳು ಕತ್ತಲಲ್ಲಿ ನೆಲದ ಮೇಲೆಯೇ ಉಳಿಯುವುವು. ಬೆಳಕು ಪ್ರಖರವಾಗಿರಬೇಕಾದುದೂ ಇಲ್ಲ. ಮೇವಿನ ತೊಟ್ಟಿಯ ಬಳಿ ವೃತ್ತಪತ್ರಿಕೆಯನ್ನು ಓದಲು ಸಾಧ್ಯವಾದರೆ ಸಾಕು. ರಾತ್ರಿಯಿಡೀ ದೀಪ ಉರಿಸುವುದು ಮಾತ್ರ ಶುದ್ಧ ಲೋಭ. ಕೋಳಿಗೂ ನಿದ್ರೆ ಬೇಕು.

ಅವಸರದವರು ಎಡವುವುದು ಎಳೆಯ ಹೇಂಟೆಗಳ ವಿಷಯದಲ್ಲಿ. ಹುಟ್ಟಿದ ಮೊದಲ ಕೆಲವು ದಿನ ಮರಿಗಳು ಮೇವು ನೀರನ್ನು ಕಂಡುಕೊಳ್ಳಲೆಂದು ಹೆಚ್ಚು ಬೆಳಕು ಕೊಡುವುದು ಸರಿ. ಬಳಿಕ ಅದನ್ನು ಇಳಿಸಬೇಕು. ಬೆಳೆಯುವ ವಯಸ್ಸಿನಲ್ಲಿ ಹಗಲು ಹಿಗ್ಗುತ್ತ ಹೋದರೆ ಮೈ ಬಲಿಯುವ ಮುನ್ನವೇ ಅಂಡಾಶಯ ಎಚ್ಚರಗೊಳ್ಳುತ್ತದೆ. ಆಗ ಇಡುವ ಮೊಟ್ಟೆ ಕಿರಿದು. ಎಷ್ಟೋ ಸಲ ಅಂಡನಾಳವೇ ಹೊರಜಾರಿ, ಜೊತೆಯ ಹಕ್ಕಿಗಳು ಅದನ್ನು ಕುಕ್ಕಿ ಕೊಂದುಬಿಡುತ್ತವೆ. ಹತ್ತು ಕೋಳಿ ಸಾಕಿ ಬದುಕುವ ಬಡವನಿಗೆ ಇದು ಸಣ್ಣ ನಷ್ಟವಲ್ಲ. ಆದುದರಿಂದ ಸುಮಾರು 18 ವಾರ ತುಂಬಿ, ತೂಕವೂ ತಕ್ಕಷ್ಟು ಬಂದ ಮೇಲೆ, ವಾರಕ್ಕೆ ಅರ್ಧ ಗಂಟೆಯಂತೆ ಬೆಳಕನ್ನು ಹೆಚ್ಚಿಸುವುದು ಲೇಸು.

ಮೊಟ್ಟೆಯಿಡತೊಡಗಿದ ಮೇಲೆ ನಿಯಮವು ತಿರುಗುಮುರುಗು: ಬೆಳಕಿನ ಅವಧಿಯನ್ನು ಇಳಿಸಲಾಗದು. ಕೆಲವು ದಿನ ಅದು ಮೊಟಕಾದರೆ ಮೊಟ್ಟೆ ನಿಂತು, ಗರಿ ಉದುರತೊಡಗಬಹುದು. ದೀಪ ಹಚ್ಚಲು ಕಾಲಸೂಚಕ ಯಂತ್ರಗಳೇನೋ ಇವೆ. ಆದರೆ ವಿದ್ಯುತ್ತು ಹೋದಷ್ಟು ಹೊತ್ತು ಅವುಗಳಲ್ಲಿ ಕೆಲವು ತಾವೂ ನಿಂತು, ಮರುದಿನ ಅಷ್ಟೇ ತಡವಾಗಿ ದೀಪ ಹಚ್ಚುತ್ತವೆ. ವಿದ್ಯುತ್ತು ಮರಳಿದಾಗಲೆಲ್ಲ ಅದರ ಮುಳ್ಳನ್ನು ಗಡಿಯಾರಕ್ಕೆ ಸರಿಹೊಂದಿಸಬೇಕು. ಹಾಗೆಯೇ ವಾರಕ್ಕೊಮ್ಮೆ ಆರಿದ ಬಲ್ಬಿನ ಮೇಲಿನ ಧೂಳನ್ನೂ ಒರೆಸಬೇಕು.