ಶರಾವತಿಯ ಕರೆಂಟು ಬೆಂಗಳೂರಿಗೆ, ನಮಗೆ ಕತ್ತಲೆ?

ಸಾಗರ, ಹೊಸನಗರದ ಕಡೆ ಮಳೆಗಾಲದಲ್ಲಿ ಕರೆಂಟು ಹೋದಾಗಲೆಲ್ಲ ಈ ಮಾತು ಕಿವಿಗೆ ಬೀಳುತ್ತದೆ: "ನಮ್ಮ ಶರಾವತಿಯ ಕರೆಂಟೆಲ್ಲ ಟವರ್ ಲೈನಿನಲ್ಲಿ ಬೆಂಗಳೂರಿಗೆ ಹೋಯ್ತು, ನಮಗೆ ಕತ್ತಲೆ." ಓದಿದವರೂ ಹೇಳುತ್ತಾರೆ, ವೇದಿಕೆ ಹತ್ತಿದವರೂ ಹೇಳುತ್ತಾರೆ. ಕೇಳಿ ಕೇಳಿ ರೋಸಿಹೋಗಿದೆ. ಕಷ್ಟ ಸುಳ್ಳಲ್ಲ, ಕಾರಣ ಸುಳ್ಳು.

ಮಲೆನಾಡಿನಲ್ಲಿ ಕರೆಂಟು ಅತಿ ಹೆಚ್ಚು ಕೈಕೊಡುವುದು ಜುಲೈ, ಆಗಸ್ಟಿನಲ್ಲಿ. ಶರಾವತಿಯ ಲಿಂಗನಮಕ್ಕಿ ಜಲಾಶಯಕ್ಕೆ ನೀರು ನುಗ್ಗಿ ಬರುವುದೂ ಆಗಲೇ. ಬೆಂಗಳೂರು ಕಸಿದುಕೊಳ್ಳುತ್ತಿದ್ದರೆ ಬೇಸಿಗೆಯಲ್ಲಿ, ಜಲಾಶಯ ಬತ್ತಿದಾಗ, ಸಾಗರ ಪೂರ್ತಿ ಕತ್ತಲಾಗಬೇಕಿತ್ತಲ್ಲ? ಆಗುವುದಿಲ್ಲ. ಆಗ ಅಲ್ಲಿ ದೀಪ ಉರಿಸುವುದು ರಾಯಚೂರಿನ ಕಲ್ಲಿದ್ದಲೋ, ಕೈಗಾದ ಅಣುಸ್ಥಾವರವೋ, ಪಾವಗಡದ ಬಿಸಿಲೋ ಎಂದು ಬಿಡಿಸಿ ಹೇಳಲು ಯಾರಿಂದಲೂ ಆಗದು. ಹತ್ತು ಹಳ್ಳ ಸೇರಿದ ಕೆರೆಯಿಂದ ಎತ್ತಿದ ಬಿಂದಿಗೆಯಲ್ಲಿ ಯಾವ ಹಳ್ಳದ ನೀರಿದೆ ಎಂದು ಕೇಳಿದಂತೆ ಅದು.

ಈ ದೂರು ನಿಜವಾಗಿದ್ದ ಕಾಲವೊಂದಿತ್ತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. ಒಂದು ವಿದ್ಯುದಾಗಾರ, ಒಂದು ಮಾರ್ಗ, ಒಬ್ಬ ಗಿರಾಕಿ. ಬೆಂಗಳೂರಿಗೆ ದೀಪ ಬಂದದ್ದೇ 1905ರಲ್ಲಿ. ನಮ್ಮ ಜನರ ತಲೆಯಲ್ಲಿ ಇಂದಿಗೂ ಆ ಒಂಟಿ ತಂತಿಯೇ ಇದೆ. ಈಗ ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳ 1035 ಮೆಗಾವಾಟ್ ಸೇರುವುದು ಎಲ್ಲ ವಿದ್ಯುದಾಗಾರಗಳೂ ಕೂಡಿದ ವಿದ್ಯುತ್ ಜಾಲಕ್ಕೆ. 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರದ 765 ಕಿಲೋವೋಲ್ಟ್ ಮಾರ್ಗ ಚಾಲೂ ಆದಮೇಲೆ ದಕ್ಷಿಣದ ಜಾಲವೂ ದೇಶದ ಉಳಿದ ಜಾಲದ ಜೊತೆ ಒಂದೇ ಲಯಕ್ಕೆ, 50 ಹರ್ಟ್ಸಿಗೆ, ಕೂಡಿಕೊಂಡಿತು. ಸಂಜೆ ಬೇಡಿಕೆ ಏರಿ ಆ ಲಯ ಕುಸಿಯತೊಡಗಿದರೆ ಕೆಲವೇ ನಿಮಿಷಗಳಲ್ಲಿ ಓಡಿ ಎತ್ತಿ ಹಿಡಿಯುವುದು ಜಲವಿದ್ಯುತ್ ಯಂತ್ರಗಳೇ. ಕಲ್ಲಿದ್ದಲಿನ ಬಾಯ್ಲರಿಗೆ ಆ ಚುರುಕು ಇಲ್ಲ.

"ಲೈನು ನಮ್ಮ ತೋಟದ ಮೇಲೇ ಹೋಗಿದೆ, ಒಂದು ಎಳೆ ಕೊಡಬಾರದೇ?" ಎನ್ನುವವರಿದ್ದಾರೆ. 220 ಕಿಲೋವೋಲ್ಟ್ ತಂತಿಯಿಂದ ನೇರವಾಗಿ ಮನೆಗೆ ಕೊಡಲಾಗದು. ಸಬ್‌ಸ್ಟೇಷನ್ನುಗಳಲ್ಲಿ ಹಂತಹಂತವಾಗಿ ಇಳಿದು, 11 ಕಿಲೋವೋಲ್ಟಿನ ಫೀಡರ್ ಆಗಿ ಕಾಡು, ಗುಡ್ಡ ದಾಟಿ, ಊರಿನ ಟಿಸಿಗೆ, ಅಂದರೆ ಟ್ರಾನ್ಸ್‌ಫಾರ್ಮರಿಗೆ, ಬಂದು, ಅಲ್ಲಿಂದ ಮನೆಗೆ. ಕೆಡುವುದು ಈ ಕೊನೆಯ ದಾರಿಯಲ್ಲಿ. ಗಾಳಿಗೆ ಅಕೇಶಿಯಾ ಕೊಂಬೆಯೊಂದು ಫೀಡರಿನ ಮೇಲೆ ಬಿದ್ದರೆ ಸಬ್‌ಸ್ಟೇಷನ್ನಿನಲ್ಲಿ ಬ್ರೇಕರ್ ಬೀಳುತ್ತದೆ. ಲೈನ್‌ಮನ್ ರೇನ್‌ಕೋಟ್ ಹಾಕಿಕೊಂಡು, ಉಂಬಳ ಕಿತ್ತೆಸೆಯುತ್ತ, ಕಂಬದಿಂದ ಕಂಬಕ್ಕೆ ನಡೆದು ಆ ಕೊಂಬೆ ಹುಡುಕುವವರೆಗೆ ಇಡೀ ಸಾಲಿನ ಹಳ್ಳಿಗಳಿಗೆ ಕತ್ತಲು. ಬೆಂಗಳೂರಿಗೆ ಇದರಲ್ಲಿ ಯಾವ ಪಾತ್ರವೂ ಇಲ್ಲ.

ಲಿಂಗನಮಕ್ಕಿಗೆ ಮನೆ, ಗದ್ದೆ ಕೊಟ್ಟವರ ಹಿನ್ನೀರಿನ ಹಳ್ಳಿಗಳು ಎಷ್ಟೋ ವರ್ಷ ಚಿಮಣಿ ದೀಪದಲ್ಲೇ ಕಳೆದವು. ಅದು ಅನ್ಯಾಯವೇ, ಅನುಮಾನವಿಲ್ಲ. ಆದರೆ ಕಾರಣ ವಿದ್ಯುತ್ತಿನ ಕೊರತೆಯಲ್ಲ. ಅವರ ಅಂಗಳದವರೆಗೆ ಕಂಬ ಹಾಕುವ ಮನಸ್ಸನ್ನು ಯಾರೂ ಮಾಡಲಿಲ್ಲ.

ಇಂಥ ನಂಬಿಕೆಗಳು ಇನ್ನೂ ಇವೆ. ಟರ್ಬೈನ್ ದಾಟಿದ ನೀರಿನ ಸತ್ವ ಹೋಗಿ ಬೆಳೆಗೆ ಬಾರದು ಎನ್ನುತ್ತಾರೆ. ಯಂತ್ರ ತೆಗೆದುಕೊಳ್ಳುವುದು ನೀರು ಬೀಳುವ ರಭಸವನ್ನು ಮಾತ್ರ. ಟವರಿನ ತಂತಿಗೆ ರಬ್ಬರ್ ಹೊದಿಕೆ ಇದೆ ಎನ್ನುತ್ತಾರೆ. ಅದು ಬರಿಯ ಅಲ್ಯೂಮಿನಿಯಂ, ಒಳಗೆ ಉಕ್ಕಿನ ಎಳೆ, ಆದ್ದರಿಂದ ಹತ್ತಿರ ಏಣಿ, ದೋಟಿ ಒಯ್ಯಲೇಬೇಡಿ.

ನನ್ನ ಸಿಟ್ಟು ಜನರ ಅಜ್ಞಾನದ ಮೇಲಲ್ಲ, ಅದನ್ನು ಸಾಕುವವರ ಮೇಲೆ. ದೂರದ ಊರೊಂದನ್ನು ಕಳ್ಳನನ್ನಾಗಿ ತೋರಿಸಿದರೆ ಚಪ್ಪಾಳೆ ಬೀಳುತ್ತದೆ, ಫೀಡರಿನ ಲೆಕ್ಕ ಯಾರೂ ಕೇಳುವುದಿಲ್ಲ. ಹಾಗಾಗಿ ಕೇಳಬೇಕಾದವರು ನೀವೇ. ಮಳೆ ಹಿಡಿಯುವ ಮೊದಲೇ ಗ್ರಾಮಸಭೆಯಲ್ಲಿ ಎದ್ದು ನಿಲ್ಲಿ: ನಮ್ಮೂರಿನ ಫೀಡರ್ ಎಷ್ಟು ಉದ್ದ, ಕೊಂಬೆ ಸವರುವುದು ಯಾವಾಗ, ಅದು ಕೆಟ್ಟರೆ ಬೇರೆ ದಾರಿಯಿಂದ ಕರೆಂಟು ತರಲು ಕೂಡುಮಾರ್ಗ ಇದೆಯೇ, ಇಷ್ಟು ದೂರಕ್ಕೆ ಎಷ್ಟು ಜನ ಲೈನ್‌ಮನ್ ಇದ್ದಾರೆ? ಉತ್ತರವನ್ನು ನಡಾವಳಿಯಲ್ಲಿ ಬರೆಸಿಕೊಳ್ಳಿ.